ಆರೋಗ್ಯ ಸೇವಾ ಸುಧಾರಣೆ, ಚಿಕ್ಕಮಗಳೂರು ಕಾಫಿ ಸೀಮೆಯಲ್ಲಿ

ಸರ್ಕಾರಿ ಆಸ್ಪತ್ರೆ ಮತ್ತು ಆರೋಗ್ಯ ಕೇಂದ್ರಗಳಲ್ಲಿ ರೋಗಿಗೆ ದೊರೆಯುವ ಆರೈಕೆಯ ಗುಣಮಟ್ಟವನ್ನು ಹೆಚ್ಚಿಸಲು ಆಡಳಿತ, ಸಿಬ್ಬಂದಿ, ಔಷಧಿ ಪೂರೈಕೆ ಹಾಗೂ ಮೇಲ್ವಿಚಾರಣೆಯಲ್ಲಿ ಮಾಡುವ ವ್ಯವಸ್ಥಿತ ಬದಲಾವಣೆಗೆ ಆರೋಗ್ಯ ಸೇವಾ ಸುಧಾರಣೆ ಎಂದು ಹೆಸರು. ಮೂಡಿಗೆರೆ, ಬಾಳೂರು, ಕಳಸ ಸೀಮೆಯಲ್ಲಿ ಇದು ಸಂಸ್ಥಾನ ಕಾಲದ ರೋಗ ನಿಯಂತ್ರಣ, ತೋಟದ ಮಾಲೀಕರಿಗೆ ಕಾನೂನು ವಹಿಸಿದ ಹೊಣೆ ಹಾಗೂ ರಾಜ್ಯದ ಆರೋಗ್ಯ ಕೇಂದ್ರಗಳ ಜಾಲ ಎಂಬ ಮೂರು ದಾರಿಗಳಲ್ಲಿ ಬೆಳೆದುಬಂದಿದೆ.

ಕಾಫಿ ತೋಟಗಳು ವಿಸ್ತರಿಸಿದ ಕಾಲದಲ್ಲಿ ಮಲೆನಾಡನ್ನು ಹೆಚ್ಚು ಕಾಡಿದ ರೋಗ ಮಲೇರಿಯಾ. ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಲ್ಲಿ ಮಲೇರಿಯಾ ಅಧ್ಯಯನ ಕೈಗೊಂಡಾಗ ಮೂಡಿಗೆರೆಯೂ ಅದರ ಕ್ಷೇತ್ರಗಳಲ್ಲಿ ಒಂದಾಯಿತು. ಜ್ವರ ಬಂದವನಿಗೆ ಕ್ವಿನೈನ್ ಕೊಡುವುದಕ್ಕಷ್ಟೇ ನಿಲ್ಲದೆ, ಹರಿಯುವ ತಿಳಿನೀರಿನ ಹಳ್ಳಗಳ ಅಂಚಿನಲ್ಲಿ ಹುಟ್ಟುವ ಸೊಳ್ಳೆಯನ್ನೇ ಗುರುತಿಸಿ ತಡೆಯಬೇಕೆಂಬ ದೃಷ್ಟಿ ಇಂತಹ ಅಧ್ಯಯನಗಳಿಂದ ಬಲಗೊಂಡಿತು.

ಸ್ವಾತಂತ್ರ್ಯಾನಂತರ ಜಾರಿಗೆ ಬಂದ 1951ರ ತೋಟ ಕಾರ್ಮಿಕರ ಕಾಯ್ದೆಯು ಕಾರ್ಮಿಕರಿಗೂ ಅವರ ಕುಟುಂಬದವರಿಗೂ ವೈದ್ಯಕೀಯ ಸೌಲಭ್ಯ ಒದಗಿಸುವುದನ್ನು ಮಾಲೀಕರ ಕರ್ತವ್ಯವಾಗಿಸಿತು. ಮಾಲೀಕರು ತಪ್ಪಿದರೆ ಮುಖ್ಯ ನಿರೀಕ್ಷಕರೇ ಸೌಲಭ್ಯ ಏರ್ಪಡಿಸಿ ಅದರ ವೆಚ್ಚವನ್ನು ಅವರಿಂದ ವಸೂಲು ಮಾಡಲು ಅವಕಾಶವಿತ್ತು. ಆದರೆ ಮೊದಲಿಗೆ 25 ಎಕರೆ ವಿಸ್ತೀರ್ಣ ಮತ್ತು 30 ಕಾರ್ಮಿಕರಿದ್ದ ತೋಟಗಳಿಗೆ, 1981ರ ತಿದ್ದುಪಡಿಯ ಬಳಿಕ 5 ಹೆಕ್ಟೇರ್ ಮತ್ತು 15 ಕಾರ್ಮಿಕರಿದ್ದ ತೋಟಗಳಿಗೆ ಕಾಯ್ದೆ ಅನ್ವಯಿಸುತ್ತಿದ್ದುದರಿಂದ, ಅದಕ್ಕಿಂತ ಚಿಕ್ಕ ಹಿಡುವಳಿಗಳ ಕೂಲಿಕಾರರು ಅದರ ರಕ್ಷಣೆಯಿಂದ ಹೊರಗುಳಿದರು. ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರೇ ಆಗಿರುವ ಈ ಸೀಮೆಯಲ್ಲಿ, ದೊಡ್ಡ ಎಸ್ಟೇಟುಗಳ ಲೈನ್ ಮನೆಗಳ ಆಚೆ ದುಡಿಯುವವರಿಗೆ ಸರ್ಕಾರಿ ಆಸ್ಪತ್ರೆಯೇ ಆಸರೆ.

ಸರ್ಕಾರಿ ಜಾಲದ ತಳಹದಿ 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯದು. ಚಿಕಿತ್ಸೆ ಮತ್ತು ರೋಗ ತಡೆಯನ್ನು ಒಂದೇ ಕಡೆ ಒದಗಿಸುವ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಅದು ಸೂಚಿಸಿತು. ಮುಂದೆ ಬಯಲು ಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ 20,000 ಜನರಿಗೆ ಒಂದು ಕೇಂದ್ರವೆಂಬ ಮಾನದಂಡ ರೂಢಿಗೆ ಬಂದಿತು. ಮನೆಗಳು ಚದುರಿರುವ, ಮಳೆಗಾಲದಲ್ಲಿ ರಸ್ತೆ ಕಡಿಯುವ ಮಲೆನಾಡಿನಲ್ಲಿ ಜನಸಂಖ್ಯೆಯಷ್ಟೇ ದೂರವೂ ಲೆಕ್ಕಕ್ಕೆ ಬರುತ್ತದೆ.

1996ರಿಂದ 2004ರವರೆಗೆ ವಿಶ್ವಬ್ಯಾಂಕ್ ಸಾಲದಿಂದ ನಡೆದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆಯು ಜಿಲ್ಲಾ ಹಾಗೂ ತಾಲೂಕು ಆಸ್ಪತ್ರೆಗಳ ಕಟ್ಟಡ, ಉಪಕರಣ ಮತ್ತು ತರಬೇತಿಗೆ ಒತ್ತು ಕೊಟ್ಟಿತು. ಸುಧಾರಣೆಯ ಪ್ರಶ್ನೆಯನ್ನು ಕಟ್ಟಡದಿಂದಾಚೆಗೆ ಒಯ್ದದ್ದು 1999ರಲ್ಲಿ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಕಾರ್ಯಪಡೆ. ಸಮಾನತೆ, ಗುಣಮಟ್ಟ ಮತ್ತು ಪ್ರಾಮಾಣಿಕತೆಯನ್ನು ಗುರಿಯಾಗಿಟ್ಟುಕೊಂಡ ಅದರ 2001ರ ಅಂತಿಮ ವರದಿಯು ಭ್ರಷ್ಟಾಚಾರ, ಸಾರ್ವಜನಿಕ ಆರೋಗ್ಯದ ಕಡೆಗಣನೆ ಹಾಗೂ ಯೋಜನೆಗೂ ಅನುಷ್ಠಾನಕ್ಕೂ ನಡುವಿನ ಅಂತರವನ್ನು ಮುಖ್ಯ ದೋಷಗಳೆಂದು ಹೇಳಿತು. 2004ರಲ್ಲಿ ರಾಜ್ಯದ ಸಮಗ್ರ ಆರೋಗ್ಯ ನೀತಿ ಹೊರಬಂದಿತು.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಹಳ್ಳಿಗೆ ಆಶಾ ಕಾರ್ಯಕರ್ತೆಯರೂ ಆಸ್ಪತ್ರೆಗೆ ಸ್ಥಳೀಯರನ್ನೊಳಗೊಂಡ ಆರೋಗ್ಯ ರಕ್ಷಾ ಸಮಿತಿಗಳೂ ಬಂದವು; 2008ರ ನವೆಂಬರ್‌ನಿಂದ 108 ಆಂಬ್ಯುಲೆನ್ಸ್ ಸೇವೆ ದೊರೆಯಿತು. 2013ರ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳು ಅಳತೆಯ ಕ್ರಮವನ್ನೇ ಬದಲಿಸಿದವು. ರೋಗಿಯ ಹಕ್ಕು, ವೈದ್ಯಕೀಯ ಆರೈಕೆ, ಸೋಂಕು ನಿಯಂತ್ರಣ, ಫಲಿತಾಂಶ ಮೊದಲಾದ ಎಂಟು ವಿಭಾಗಗಳಲ್ಲಿ ದಾಖಲೆ ನೋಡಿ, ಸಿಬ್ಬಂದಿಯನ್ನೂ ರೋಗಿಗಳನ್ನೂ ಮಾತನಾಡಿಸಿ ಅಂಕ ನೀಡುವುದು ಅವುಗಳ ವಿಧಾನ. ಹೆರಿಗೆ ಕೋಣೆಯ ಆರೈಕೆಗಾಗಿ 2017ರಲ್ಲಿ ‘ಲಕ್ಷ್ಯ’ ಕಾರ್ಯಕ್ರಮ ಸೇರಿತು.

ಮಾನದಂಡಗಳು ಸ್ಪಷ್ಟವಾದರೂ ಅವುಗಳನ್ನು ಪಾಲಿಸುವ ಸಿಬ್ಬಂದಿ ಗುಡ್ಡಗಾಡಿನಲ್ಲಿ ನೆಲೆನಿಲ್ಲುವುದು ಸುಲಭವಾಗಿಲ್ಲ. ವೈದ್ಯಪದವೀಧರರಿಗೆ ಒಂದು ವರ್ಷದ ಸರ್ಕಾರಿ ಸೇವೆಯನ್ನು ಕಡ್ಡಾಯಗೊಳಿಸಿದ ರಾಜ್ಯದ 2012ರ ಕಾಯ್ದೆಯೂ ಚಿಕ್ಕಮಗಳೂರಿನಲ್ಲಿ ಸ್ಥಾಪನೆಯಾದ ಸರ್ಕಾರಿ ವೈದ್ಯಕೀಯ ಕಾಲೇಜೂ ವೈದ್ಯರ ಕೊರತೆಗೆ ಉತ್ತರ ಹುಡುಕುವ ಕ್ರಮಗಳು. ಒಂದು ವರ್ಷದ ಕಡ್ಡಾಯ ಸೇವೆ ಖಾಲಿ ಹುದ್ದೆಯನ್ನು ತುಂಬಬಲ್ಲದಾದರೂ, ರಕ್ತದೊತ್ತಡ, ಮಧುಮೇಹದಂತಹ ದೀರ್ಘಕಾಲದ ಕಾಯಿಲೆಗಳಿಗೆ ಬೇಕಾದ ನಿರಂತರ ಆರೈಕೆಗೆ ಬಹುಕಾಲ ಅಲ್ಲೇ ಉಳಿಯುವ ವೈದ್ಯರು ಮತ್ತು ದಾದಿಯರು ಬೇಕಾಗುತ್ತಾರೆ.