ಸಿನಿಮಾ ಬರೋಕೆ ಮುಂಚೆ ಪುಸ್ತಕ: ನಮ್ಮ ಐದು ತಾಲೂಕಿನ ಒಂದು ಹಳೇ ಕಥೆ

(1/8)
ಮೊದಲು ನನ್ನ ತಪ್ಪನ್ನ ನಾನೇ ಹೇಳಿಬಿಡ್ತೀನಿ. ನಾನು 'ಕೊಟ್ರೇಶಿ ಕನಸು' ಸಿನಿಮಾವನ್ನ ಚಿಕ್ಕವನಿದ್ದಾಗ ಅಜ್ಜಿ ಮನೆ ಟೀವಿಯಲ್ಲಿ ನೋಡಿದೆ. ಅದರ ಹಿಂದೆ ಕುಂ. ವೀರಭದ್ರಪ್ಪನವರ ಕಥೆ ಇದೆ, ಅವರು ನಮ್ಮ ಕೊಟ್ಟೂರಿನವರೇ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ. ಆಮೇಲೆ ಕಥೆ ಓದಿದೆ. ಆದ್ರೆ ಓದುವಾಗ ಕಣ್ಮುಂದೆ ಬಂದಿದ್ದು ಬಾಲನಟ ವಿಜಯ್ ರಾಘವೇಂದ್ರ ಅವರ ಮುಖ ಒಂದೇ.

ಅವರ ನಟನೆಗೆ ನಾನು ಏನೂ ಅನ್ನೋದಿಲ್ಲ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿಯೇ ಬಂದಿದೆ. ನನ್ನ ಸಂಕಟ ಬೇರೆ. ನಮ್ಮ ಕಡೆ ಕೊಟ್ರೇಶ ಅನ್ನೋ ಹೆಸರು ಎಷ್ಟಿದೆ ಅಂತ ನಿಮಗೇ ಗೊತ್ತು. ಕೊಟ್ಟೂರೇಶ್ವರನ ಹೆಸರು ಇಟ್ಟುಕೊಂಡವರು ಓಣಿಗೊಬ್ಬರು ಸಿಗ್ತಾರೆ. ನನ್ನ ಕ್ಲಾಸಲ್ಲೇ ಮೂರು ಜನ ಇದ್ದರು. ಆ ಮೂವರಲ್ಲಿ ಒಬ್ಬನೂ ಕಥೆ ಓದುವಾಗ ನನಗೆ ಕಾಣಲಿಲ್ಲ. ನಮ್ಮೂರಿನ ಹುಡುಗನನ್ನ ನಾನೇ ಕಲ್ಪಿಸಿಕೊಳ್ಳೋ ಅವಕಾಶ ಒಂದೇ ಒಂದು ಸಲ ಇತ್ತು, ಅದನ್ನ ಕಳ್ಕೊಂಡೆ.

ಅದಕ್ಕೇ ಈ ಸರಣಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ಈ ಐದು ತಾಲೂಕಿನ ನೆಲದ ಮೇಲೆ ನಿಂತು ಪುಸ್ತಕ ಮತ್ತು ಸಿನಿಮಾದ ಇತಿಹಾಸ ನೋಡೋಣ.

(2/8)
"ಮೊದಲೇ ಓದಿಬಿಟ್ರೆ ಕ್ಲೈಮ್ಯಾಕ್ಸ್ ಗೊತ್ತಾಗಿಬಿಡುತ್ತಲ್ಲ, ಆಮೇಲೆ ಟಿಕೆಟ್ ದುಡ್ಡು ದಂಡ" ಅಂತ ನನ್ನ ಗೆಳೆಯರು ಕೇಳ್ತಾರೆ. ಇದಕ್ಕೆ ಉತ್ತರ ನಮ್ಮ ಅಜ್ಜಂದಿರ ಹತ್ತಿರ ಐತಿ.

ನಮ್ಮ ಊರುಗಳಲ್ಲಿ ದೊಡ್ಡಾಟ ಆಗ್ತಾವೆ. ರಾತ್ರಿ ಊಟ ಮುಗಿಸಿ, ಕಂಬಳಿ ಹೊದ್ದು, ಬೆಳಗಿನ ಜಾವದ ತನಕ ಮಂದಿ ಕೂತಿರ್ತಾರೆ. ಆಟ ಕೀಚಕ ವಧೆ ಅಂದ್ಕೊಳ್ಳಿ. ಕೀಚಕ ಸಾಯ್ತಾನೆ ಅನ್ನೋದು ಅಲ್ಲಿ ಯಾರಿಗೆ ಗೊತ್ತಿಲ್ಲ? ತೊಡೆ ಮೇಲಿನ ಕೂಸಿಗೂ ಗೊತ್ತು. ಆದ್ರೂ ಎದ್ದು ಹೋಗೋದಿಲ್ಲ. ಏನಾಗುತ್ತೆ ಅನ್ನೋದನ್ನ ನೋಡೋಕೆ ಅವರು ಬಂದಿಲ್ಲ, ಈ ಸಲದ ಭೀಮ ಹೆಂಗೆ ಬರ್ತಾನೆ, ಸೈರಂಧ್ರಿ ಪಾತ್ರದವನು ಅಳುವಾಗ ದನಿ ಹೆಂಗೆ ಏರಿಸ್ತಾನೆ, ಅದನ್ನ ನೋಡೋಕೆ ಬಂದಿದ್ದಾರೆ. ಕಥೆ ಗೊತ್ತಿರೋದ್ರಿಂದಲೇ ಅವರು ಒಳ್ಳೇ ಪ್ರೇಕ್ಷಕರು. ಪಾತ್ರಧಾರಿ ಒಂದು ಮಾತು ತಪ್ಪಿದ್ರೆ ಹಿಂದಿನ ಸಾಲಿನಿಂದಲೇ ಹೇಳ್ತಾರೆ.

ಅಂದ್ರೆ 'ಸ್ಪಾಯ್ಲರ್' ಅನ್ನೋ ಭಯ ನಮ್ಮ ಕಡೆ ಹೊಸದು. ಕಥೆ ಮೊದಲು, ಆಟ ಆಮೇಲೆ ಅನ್ನೋದೇ ಇಲ್ಲಿನ ರೂಢಿ. ಪುಸ್ತಕ ಓದಿ ಸಿನಿಮಾಕ್ಕೆ ಹೋಗೋದು ಅದೇ ರೂಢಿಯ ಮುಂದುವರಿಕೆ.

(3/8)
ಈಗ ಹರಪನಹಳ್ಳಿಗೆ ಬನ್ನಿ. 1913ರಲ್ಲಿ ಇಲ್ಲಿ ರಾಯಸಂ ಭೀಮಸೇನರಾವ್ ಅನ್ನೋ ಹುಡುಗ ಹುಟ್ಟಿದ. ಆಗ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ದೊಡ್ಡವನಾಗಿ ಪೊಲೀಸ್ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದ. ಓದೋ ಗೀಳಿತ್ತು, ಆದ್ರೆ ಅದು ಇಂಗ್ಲಿಷ್ ಪುಸ್ತಕಗಳದ್ದು. ಕನ್ನಡದಲ್ಲಿ ಓದೋಕೆ ಏನಿದೆ ಅನ್ನೋ ತಾತ್ಸಾರ.

ಹೀಗಿದ್ದ ಮನುಷ್ಯನ ಕೈಗೆ ಒಂದು ದಿನ ಅ.ನ. ಕೃಷ್ಣರಾಯರ 'ಸಂಧ್ಯಾರಾಗ' ಬಂತು. ಸಂಗೀತಗಾರನೊಬ್ಬನ ಬದುಕಿನ ಕಾದಂಬರಿ ಅದು. ಅದನ್ನ ಓದಿದ ಮೇಲೆ ಆತ ಕನ್ನಡದ ಕಡೆ ತಿರುಗಿದ, ಮತ್ತೆ ಹಿಂದಕ್ಕೆ ನೋಡಲಿಲ್ಲ. ಅವರೇ ನಮ್ಮ ಬೀಚಿ. ತಿಮ್ಮನ ಅಪ್ಪ. 'ನನ್ನ ಭಯಾಗ್ರಫಿ' ಅಂತ ಆತ್ಮಕಥೆಗೆ ಹೆಸರಿಟ್ಟ ಬೀಚಿ.

ಅದೇ 'ಸಂಧ್ಯಾರಾಗ' 1966ರಲ್ಲಿ ಸಿನಿಮಾ ಆಯ್ತು. ಡಾ. ರಾಜ್‌ಕುಮಾರ್ ನಾಯಕ. ಸಂಗೀತದಲ್ಲಿ ಬಾಲಮುರಳಿಕೃಷ್ಣ ಅವರ ಕೈ ಇತ್ತು. ಹಾಡುಗಳನ್ನ ಮಂದಿ ಇವತ್ತಿಗೂ ಕೇಳ್ತಾರೆ. ಆದ್ರೆ ಬೀಚಿ ಅದನ್ನ ಓದಿದ್ದು ಸಿನಿಮಾ ಬರೋ ಎಷ್ಟೋ ವರ್ಷ ಮೊದಲು. ಆಗ ರಾಜ್‌ಕುಮಾರ್ ಇಲ್ಲ, ಹಾಡಿಲ್ಲ. ಪುಟದ ಮೇಲೆ ರಾಗದ ಹೆಸರಿರುತ್ತೆ, ರಾಗ ಇರೋದಿಲ್ಲ. ಅದನ್ನ ಓದುವವನೇ ತನ್ನ ಕಿವಿಯೊಳಗೆ ಹಾಡ್ಕೋಬೇಕು. ಹಂಗೆ ಹಾಡ್ಕೊಂಡ ಹರಪನಹಳ್ಳಿಯ ಒಬ್ಬ ಓದುಗ ಲೇಖಕನಾದ.

ಸಿನಿಮಾಕ್ಕೆ ಮುಂಚೆ ಪುಸ್ತಕ ಓದಿದ್ರೆ ಏನಾಗುತ್ತೆ ಅಂತ ಯಾರಾದ್ರೂ ಕೇಳಿದ್ರೆ ಈ ಉದಾಹರಣೆ ಕೊಡಿ.

(4/8)
ಈಗ ಕೂಡ್ಲಿಗಿ ತಾಲೂಕಿನ ಗುಡೇಕೋಟೆ. ಬಂಡೆಗಳ ನಡುವೆ ಪಾಳೇಗಾರರ ಕೋಟೆ, ಕರಡಿಗಳಿರೋ ಕಾಡು. ಒನಕೆ ಓಬವ್ವನ ತವರು ಇದೇ ಅಂತ ನಮ್ಮ ಕಡೆ ಹೇಳ್ತಾರೆ. ಆದ್ರೆ ಓಬವ್ವ ಅಂದ ಕೂಡಲೇ ನಿಮ್ಮ ಕಣ್ಣಿಗೆ ಯಾರು ಬರ್ತಾರೆ? ಜಯಂತಿ. ಯಾಕಂದ್ರೆ 1972ರ ಡಿಸೆಂಬರಿನಲ್ಲಿ ಬಂದ 'ನಾಗರಹಾವು' ಸಿನಿಮಾದ ಒಂದು ಹಾಡಿನಲ್ಲಿ ಅವರು ಓಬವ್ವ ಆಗಿದ್ದರು. ಒಂದೇ ಹಾಡು, ಐವತ್ತು ವರ್ಷದಿಂದ ಓಬವ್ವನಿಗೆ ಅದೇ ಮುಖ. ಸಿನಿಮಾದ ಶಕ್ತಿ ಅಷ್ಟು ದೊಡ್ಡದು.

ಆ ಸಿನಿಮಾದ ಬೇರು ತ.ರಾ.ಸುಬ್ಬರಾಯರ ಮೂರು ಕಾದಂಬರಿಗಳಲ್ಲಿದೆ: 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪ ಮತ್ಸರ'. ಮೂರನ್ನೂ ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದು ಚಿತ್ರ ಮಾಡಿದರು. ವಿಷ್ಣುವರ್ಧನ್ ರಾಮಾಚಾರಿ ಆದರು, ಅಶ್ವಥ್ ಚಾಮಯ್ಯ ಮೇಷ್ಟ್ರಾದರು, ಅಂಬರೀಷ್ ಜಲೀಲ ಆದರು. ಚಿತ್ರದುರ್ಗದ ಕೋಟೆ ಇಡೀ ಕರ್ನಾಟಕಕ್ಕೆ ಪರಿಚಯ ಆಯ್ತು. ಮಂದಿ ಮುಗಿಬಿದ್ದು ನೋಡಿದರು. ಆದ್ರೆ ತ.ರಾ.ಸು. ಅವರಿಗೆ ಸಮಾಧಾನ ಆಗಲಿಲ್ಲ. ತಮ್ಮ ನಾಗರಹಾವನ್ನ ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಅಂತ ಅವರು ಬೇಸರಪಟ್ಟಿದ್ದು ಕನ್ನಡದಲ್ಲಿ ಇವತ್ತಿಗೂ ಓಡಾಡೋ ಮಾತು.

ಇಲ್ಲಿ ಯಾರು ಸರಿ? ಕಾದಂಬರಿ ಓದಿರೋರಿಗೆ ಮಾತ್ರ ಆ ಪಂಚಾಯ್ತಿ ಮಾಡೋ ಹಕ್ಕು. ಸಿನಿಮಾ ಮಾತ್ರ ನೋಡಿದ ನಾನು, ನೀವು ಇಬ್ಬರ ಜಗಳವನ್ನ ಬಾಗಿಲ ಹೊರಗೆ ನಿಂತು ಕೇಳ್ಬೇಕು, ಅಷ್ಟೇ.

(5/8)
ಮತ್ತೆ ಕೊಟ್ಟೂರಿಗೆ. ಬಳ್ಳಾರಿ ಸೀಮೆ ಮದ್ರಾಸಿನಿಂದ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಕುಂವೀ ಹುಟ್ಟಿದ್ದೂ ಅದೇ ವರ್ಷ, ಕೊಟ್ಟೂರಿನಲ್ಲಿ. ಆಂಧ್ರದ ಗಡಿ ಹಳ್ಳಿಗಳ ಶಾಲೆಯಲ್ಲಿ ಮೇಷ್ಟ್ರಾಗಿ ವರ್ಷಗಟ್ಟಲೆ ಕೆಲಸ ಮಾಡಿದರು. ಕಥೆ, ಕಾದಂಬರಿ ಬರೆದರು. 'ಅರಮನೆ' ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆತ್ಮಕಥೆಯ ಹೆಸರು 'ಗಾಂಧಿ ಕ್ಲಾಸು'.

ಅವರ ಪುಸ್ತಕ ತೆಗೆದ್ರೆ ಮೊದಲು ಕಿವಿಗೆ ಬೀಳೋದು ನಮ್ಮ ಮಾತು. ನಮ್ಮ ಅವ್ವಂದಿರು ಕಟ್ಟೆ ಮೇಲೆ ಕೂತು ಬೈಯೋ, ನಗೋ, ಮರುಗೋ ಮಾತು. ಪಠ್ಯಪುಸ್ತಕದಲ್ಲಿ ಎಂದೂ ಸಿಗದ ಮಾತು ಅಚ್ಚಾಗಿರೋದನ್ನ ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಅಂತು.

ಅವರ ಕಥೆಯನ್ನ ಆಧರಿಸಿ ನಾಗತಿಹಳ್ಳಿ ಚಂದ್ರಶೇಖರ್ 1994ರಲ್ಲಿ 'ಕೊಟ್ರೇಶಿ ಕನಸು' ಮಾಡಿದರು. ಓದಬೇಕು ಅಂತ ಆಸೆಪಟ್ಟ ದಲಿತ ಹುಡುಗ, ಆ ಆಸೆಯನ್ನ ಸಹಿಸದ ಊರು. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿ ಬಂತು. ಒಳ್ಳೇ ಸಿನಿಮಾ, ನೋಡಲೇಬೇಕು. ಆದ್ರೆ ಸಿನಿಮಾ ಇಡೀ ರಾಜ್ಯದ ಮಂದಿಗೆ ಅರ್ಥ ಆಗಬೇಕು. ಎರಡು ಗಂಟೆ ಚಿಲ್ಲರೆಯಲ್ಲಿ ಮುಗೀಬೇಕು. ಪುಸ್ತಕಕ್ಕೆ ಆ ಅವಸರ ಇಲ್ಲ. ಅದು ನಮ್ಮ ಓಣಿಯ ಮಾತನ್ನ ಓಣಿಯ ಮಾತಾಗಿಯೇ ಉಳಿಸ್ಕೊಳ್ಳುತ್ತೆ.

(6/8)
ಕುಂವೀ ಅವರ ಇನ್ನೊಂದು ಕಥೆ 'ಕೂರ್ಮಾವತಾರ'. ಗಿರೀಶ್ ಕಾಸರವಳ್ಳಿ ಅದನ್ನ 2011ರಲ್ಲಿ ಸಿನಿಮಾ ಮಾಡಿದರು, ಅದಕ್ಕೂ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿ. ನಿವೃತ್ತಿಗೆ ಹತ್ತಿರ ಬಂದ ಸರ್ಕಾರಿ ನೌಕರ. ನೋಡೋಕೆ ಗಾಂಧಿ ಥರ ಇದ್ದಾರೆ ಅಂತ ಟೀವಿ ಧಾರಾವಾಹಿಯಲ್ಲಿ ಗಾಂಧಿ ಪಾತ್ರ ಕೊಡ್ತಾರೆ. ಪಾತ್ರಕ್ಕಾಗಿ ಗಾಂಧೀನ ಓದ್ತಾ ಓದ್ತಾ ಆತನೇ ಬದಲಾಗ್ತಾನೆ. ಜನ ಆತನನ್ನ ನಿಜವಾದ ಗಾಂಧಿ ಅಂತಲೇ ನೋಡೋಕೆ ಶುರು ಮಾಡ್ತಾರೆ. ಕಷ್ಟ ಅಲ್ಲಿಂದ.

ನಮ್ಮ ಕೂಡ್ಲಿಗಿಯಲ್ಲಿ ಗಾಂಧೀಜಿ ಚಿತಾಭಸ್ಮದ ಸ್ಮಾರಕ ಇದೆ, ಬಸ್ಸಿನಲ್ಲಿ ಹೋಗುವಾಗ ಎಷ್ಟು ಸಲ ದಾಟಿರ್ತೀವಿ. ಈ ಕಥೆ ಓದಿದ ಮೇಲೆ ಆ ಸ್ಮಾರಕದ ಮುಂದೆ ಒಮ್ಮೆ ನಿಂತು ನೋಡಿ. ಬೇರೆ ಥರ ಕಾಣುತ್ತೆ.

ಕಾಸರವಳ್ಳಿ ಕಥೆಯಿಂದ ಬೀಜ ತಗೊಂಡು ತಮ್ಮದೇ ಗಿಡ ಬೆಳೆಸೋ ನಿರ್ದೇಶಕರು. ವೈದೇಹಿ ಅವರ 'ಗುಲಾಬಿ ಟಾಕೀಸು' ಕಥೆಯಲ್ಲಿ ಸಣ್ಣ ಊರಿಗೆ ಸಿನಿಮಾ ಟಾಕೀಸು ಬರುತ್ತೆ. 2008ರ ಚಿತ್ರದಲ್ಲಿ ಗುಲಾಬಿ ಅನ್ನೋ ಸೂಲಗಿತ್ತಿಯ ಮನೆಗೆ ಟೀವಿ ಬರುತ್ತೆ, ಕಾಲವೇ ಬದಲಾಗಿದೆ. ಕಥೆ ಓದಿದವರಿಗೆ ಎರಡು ಗುಲಾಬಿ ಟಾಕೀಸು ಸಿಗ್ತಾವೆ, ಓದದವರಿಗೆ ಒಂದೇ.

ಇನ್ನೊಂದು ನೆನಪಿರಲಿ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸ್ಟೋರಿ ಹಾಕಿದ್ವಿ. ಅವರ 'ಕರಿ ನಾಗರಗಳು' ಕಥೆಯಿಂದ ಕಾಸರವಳ್ಳಿ 2004ರಲ್ಲೇ 'ಹಸೀನಾ' ಮಾಡಿದ್ದರು, ತಾರಾ ಅವರಿಗೆ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂದಿತ್ತು. ಪುಸ್ತಕ ಇತ್ತು, ಸಿನಿಮಾನೂ ಇತ್ತು. ನಾವು ಮಾತ್ರ ಇಪ್ಪತ್ತು ವರ್ಷ ತಡ.

(7/8)
ಹಂಗಾದ್ರೆ ಸಿನಿಮಾ ಕೆಟ್ಟದ್ದು, ಪುಸ್ತಕ ಒಳ್ಳೇದು ಅಂತೀನಾ? ಇಲ್ಲ.

ಹಡಗಲಿ ತಾಲೂಕಿನ ಮೈಲಾರದ ಕಾರ್ಣಿಕ ನೆನಪು ಮಾಡ್ಕೊಳ್ಳಿ. ಗೊರವಯ್ಯ ಎತ್ತರದ ಬಿಲ್ಲು ಏರಿ 'ಸದ್ದಲೇ' ಅಂತಾನೆ, ಲಕ್ಷಾಂತರ ಮಂದಿ ಉಸಿರು ಹಿಡೀತಾರೆ. ಆತ ಹೇಳೋದು ಒಂದೇ ಒಂದು ಮಾತು. ಆಮೇಲೆ ಜಾತ್ರೆಯಿಂದ ಮನೆ ತನಕ ಅದೇ ಚರ್ಚೆ. ರೈತ ಮಳೆ ಬೆಳೆ ಅಂತಾನೆ, ರಾಜಕೀಯದವರು ಸರ್ಕಾರದ ಭವಿಷ್ಯ ಅಂತಾರೆ. ಮಾತು ಒಂದು, ಅರ್ಥ ನೂರು.

ಪುಸ್ತಕ ಅಂದ್ರೆ ಆ ಮಾತು. ಸಿನಿಮಾ ಅಂದ್ರೆ ಅದಕ್ಕೆ ಒಬ್ಬ ನಿರ್ದೇಶಕ ಹೇಳಿದ ಅರ್ಥ. ಕಾರ್ಣಿಕವನ್ನ ತಾನೇ ಕೇಳದೆ ಬೇರೆಯವರ ಅರ್ಥವನ್ನಷ್ಟೇ ಕೇಳಿದವನು ವಾದ ಮಾಡೋಕೆ ಬರೋದಿಲ್ಲ.

ಸಿನಿಮಾ ಪುಸ್ತಕಕ್ಕೆ ಕರ್ಕೊಂಡು ಬರೋದೂ ಉಂಟು. ಪೂರ್ಣಚಂದ್ರ ತೇಜಸ್ವಿಯವರ 'ಅಬಚೂರಿನ ಪೋಸ್ಟಾಫೀಸು' ತೆಳ್ಳನೆಯ ಕಥಾಸಂಕಲನ. ಅದೊಂದರಿಂದಲೇ 'ಅಬಚೂರಿನ ಪೋಸ್ಟಾಫೀಸು', 'ತಬರನ ಕಥೆ', 'ಕುಬಿ ಮತ್ತು ಇಯಾಲ', 2023ರಲ್ಲಿ 'ಡೇರ್‌ಡೆವಿಲ್ ಮುಸ್ತಾಫಾ', ಹೀಗೆ ನಾಲ್ಕು ಸಿನಿಮಾ ಬಂದಿವೆ. ಕೊನೆಯದಕ್ಕೆ ದುಡ್ಡು ಹಾಕಿದ್ದು ತೇಜಸ್ವಿಯವರ ಓದುಗರೇ. ಓದುಗರು ಸೇರಿ ಸಿನಿಮಾ ಮಾಡಿದರು, ಆ ಸಿನಿಮಾ ನೋಡಿ ಹೊಸಬರು ಪುಸ್ತಕ ಹುಡುಕಿದರು.

ಆದ್ರೂ ಕ್ರಮದ ಮಾತು ಬಂದ್ರೆ ನನ್ನ ಓಟು ಪುಸ್ತಕಕ್ಕೇ. ಓದಿದ ಮೇಲೆ ಸಿನಿಮಾ ನೋಡಬಹುದು. ನೋಡಿದ ಮೇಲೆ, ನೋಡದವನ ಹಾಗೆ ಓದೋಕೆ ಆಗೋದಿಲ್ಲ.

(8/8)
ಕೊನೆಗೆ ನನ್ನ ಬೆಂಚಿನ ಗೆಳೆಯನ ವಿಷಯ. ಅವನ ಹೆಸರೂ ಕೊಟ್ರೇಶನೇ. ಸಿನಿಮಾ ನೋಡಿರಲಿಲ್ಲ. "ಮೊದಲು ಕಥೆ ಓದಲೇ" ಅಂತ ಪುಸ್ತಕ ಕೊಟ್ಟೆ. ಎರಡು ದಿನ ಬಿಟ್ಟು ತಂದುಕೊಟ್ಟ.

"ಆ ಹುಡುಗ ಹೆಂಗ ಕಂಡ ನಿನಗ?" ಅಂತ ಕೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ಮಪ್ಪ ಕಂಡ" ಅಂದ.

ಅವನ ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಯಾಕೆ ಬಿಟ್ಟರು ಅಂತ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಅವತ್ತು ರಾತ್ರಿ ಇವನು ಕೇಳಿದನಂತೆ. ಅವರು ಏನು ಹೇಳಿದರು ಅನ್ನೋದು ಅವರ ಮನೆ ವಿಷಯ, ಇಲ್ಲಿ ಬರೆಯೋದಿಲ್ಲ. ಆಮೇಲೆ ಅಪ್ಪ ಮಗ ಒಟ್ಟಿಗೆ ಕೂತು ಸಿನಿಮಾ ನೋಡಿದರು. ಸಿನಿಮಾದ ಕೊಟ್ರೇಶಿ, ಕಥೆಯ ಕೊಟ್ರೇಶಿ, ಪಕ್ಕದಲ್ಲಿ ಕೂತ ಅಪ್ಪ, ಮೂವರೂ ಅವನಿಗೆ ಕಂಡರು. ನನಗೆ ಕಂಡಿದ್ದು ಒಬ್ಬನೇ.

ಅದಕ್ಕೆ ಇಷ್ಟು ಮಾಡಿ. ಕಾದಂಬರಿ ಸಿನಿಮಾ ಆಗುತ್ತೆ ಅನ್ನೋ ಸುದ್ದಿ ಬಂದ ಕೂಡಲೇ ಟ್ರೇಲರ್ ನೋಡೋಕೆ ಮುಂಚೆ ಲೈಬ್ರರಿಗೆ ಹೋಗಿ. ನಿಮ್ಮ ತಾಲೂಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ, ಇಲ್ಲಾಂದ್ರೆ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರನ್ನ ಕೇಳಿ. ಪೂರ್ತಿ ಓದೋಕೆ ಆಗದಿದ್ರೆ ಮೊದಲ ಅಧ್ಯಾಯ ಆದ್ರೂ ಓದಿ. ಪಾತ್ರದ ಮುಖ, ದನಿ, ಮನೆ ನಿಮಗೆ ಹೆಂಗೆ ಕಂಡಿತು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಆಮೇಲೆ ಧಾರಾಳವಾಗಿ ಥಿಯೇಟರಿಗೆ ಹೋಗಿ, ಶಿಳ್ಳೆ ಹೊಡೀರಿ, ವಾಪಸ್ ಬಂದು ಆ ಹಾಳೆ ತೆಗೆದು ನೋಡಿ.

ನಮ್ಮ ನೆಲದ ಕಥೆ ನಮ್ಮವರೇ ಬರೆದಿದ್ದಾರೆ. ಅದನ್ನ ಮೊದಲು ನಮ್ಮ ಕಣ್ಣಲ್ಲೇ ನೋಡೋಣ.

#ಕೊಟ್ಟೂರು #ಹರಪನಹಳ್ಳಿ #ಕೂಡ್ಲಿಗಿ #ಹಡಗಲಿ #ಹಗರಿಬೊಮ್ಮನಹಳ್ಳಿ #ಮೊದಲುಪುಸ್ತಕ