ಚರ್ಚಿನೊಳಗಿನ ಸಿಪಾಯಿಗಳು

ಬಾನುಲಿಯಲ್ಲಿ ಚಿತ್ರವನ್ನು ತೋರಿಸುವಂತಿಲ್ಲ, ಮಾತಿನಿಂದಲೇ ಬಿಡಿಸಬೇಕು. ನನ್ನ ಮುಂದಿರುವುದು 1646ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಚಿತ್ರದ ಪ್ರತಿ. ಸ್ಥಳ, ಚರ್ಚಿನ ಒಳಭಾಗ; ಆದರೆ ಅಲ್ಲಿ ಪ್ರಾರ್ಥನೆ ನಡೆಯುತ್ತಿಲ್ಲ. ಸಿಪಾಯಿಗಳು ಪಟಗಳನ್ನು ಕಿತ್ತು ಕೆಳಗಿಳಿಸುತ್ತಿದ್ದಾರೆ, ಮರದ ಕಟಾಂಜನವನ್ನು ಮುರಿಯುತ್ತಿದ್ದಾರೆ, ಪೂಜಾವೇದಿಯನ್ನು ಬರಿಯ ಮೇಜಾಗಿ ಮಾಡುತ್ತಿದ್ದಾರೆ.

ಇದನ್ನು ಮೊದಲು ಕಂಡಾಗ ನಾನು ಹೆಚ್ಚು ಯೋಚಿಸಲಿಲ್ಲ. ದೊರೆಯ ಪಕ್ಷದವರು ಚರ್ಚಿನ ವೈಭವವನ್ನು ಕಾಯ್ದವರು, ಪಾರ್ಲಿಮೆಂಟಿನ ಪಕ್ಷದ ಪ್ಯೂರಿಟನ್ನರು ಅದನ್ನು ಒಡೆದವರು ಎಂಬುದು ಶಾಲೆಯಲ್ಲಿ ಕಲಿತ ಪಾಠ. ‘ಕ್ರಾಮ್‌ವೆಲ್ಲನ ಸಿಪಾಯಿಗಳು’ ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಚಿತ್ರದೊಡನಿರುವ ಬರಹವನ್ನು ಓದಿದ್ದು ಆಮೇಲೆ. ಯಾರ್ಕಿಗೆ ಹೋಗುವ ದಾರಿಯಲ್ಲಿ ಈ ಸಿಪಾಯಿಗಳು ಸುಧಾರಕರಾದರೆಂದು ಅದು ಹೇಳುತ್ತದೆ. ಯಾರ್ಕ್ ಎಂಬ ಆ ಒಂದು ಹೆಸರು ನನ್ನ ವ್ಯಾಖ್ಯಾನವನ್ನು ತಲೆಕೆಳಗು ಮಾಡಿತು.

ಅದು 1640ರ ದಂಡು. ಅಂತರ್ಯುದ್ಧ ಆರಂಭವಾಗಲು ಇನ್ನೂ ಎರಡು ವರ್ಷಗಳಿದ್ದುವು. ಒಂದನೆಯ ಚಾರ್ಲ್ಸ್ ದೊರೆ 1637ರಲ್ಲಿ ಸ್ಕಾಟರ ಮೇಲೆ ಹೊಸ ಪ್ರಾರ್ಥನಾಪುಸ್ತಕವೊಂದನ್ನು ಹೇರಹೊರಟು ಅವರ ದಂಗೆಯನ್ನು ಎದುರಿಸಬೇಕಾಯಿತು. ಅವರನ್ನು ಅಡಗಿಸಲೆಂದು ಇಂಗ್ಲೆಂಡಿನ ಹಳ್ಳಿಗಳಿಂದ ಬಲವಂತವಾಗಿ ಹಿಡಿದು ತಂದ ಹುಡುಗರೇ ಉತ್ತರಕ್ಕೆ ಹೊರಟಿದ್ದರು. ಎಂದರೆ, ಚಿತ್ರದಲ್ಲಿ ಕಟಾಂಜನ ಮುರಿಯುತ್ತಿರುವವರು ದೊರೆಯ ಸಿಪಾಯಿಗಳೇ.

ಕಟಾಂಜನದ ಮೇಲೆ ಅವರಿಗೇಕೆ ಅಷ್ಟು ಕೋಪ? ಆರ್ಚ್‌ಬಿಷಪ್ ಲಾಡ್ 1630ರ ದಶಕದಲ್ಲಿ ಪ್ರಸಾದದ ಮೇಜನ್ನು ಪೂರ್ವದ ಗೋಡೆಗೆ ಸರಿಸಿ ಸುತ್ತ ಕಟಾಂಜನ ಹಾಕಿಸಿದನು. ಅವನಿಗೆ ಅದು ಪಾವಿತ್ರ್ಯದ, ಶಿಸ್ತಿನ ಮಾತು. ಅನೇಕ ಹಳ್ಳಿಗರಿಗೋ ರೋಮಿನ ಮತವೇ ಹಿಂಬಾಗಿಲಿನಿಂದ ಮರಳಿ ಬಂದಂತೆ ಕಂಡಿತು. ಆ ನೀತಿಯ ಪರವಾಗಿಯೇ ಹೋರಾಡಲು ಹೊರಟ ಹುಡುಗರು ದಾರಿಯ ಚರ್ಚುಗಳಲ್ಲಿ ಅದರ ಗುರುತನ್ನು ಕಿತ್ತು ಸುಟ್ಟರು. ಆಗಸ್ಟ್ 28ರಂದು ನ್ಯೂಬರ್ನಿನಲ್ಲಿ ಸ್ಕಾಟರು ಟೈನ್ ನದಿಯನ್ನು ದಾಟಿ ದೊರೆಯ ಸೈನ್ಯವನ್ನು ಸೋಲಿಸಿದರು. ರಣರಂಗದ ಆ ಸೋಲಿಗೆ ಮುಂಚೆ ಆಜ್ಞೆಯು ಚರ್ಚುಗಳಲ್ಲೇ ಸೋತಿತ್ತು.

ಆದರೆ ಚಿತ್ರವನ್ನು ಪೂರ್ತಿ ನಂಬಬಹುದೆ? ಅದು ಘಟನೆಯಾದ ಆರು ವರ್ಷಗಳ ಮೇಲೆ, ಪಾರ್ಲಿಮೆಂಟಿನ ಕಟ್ಟಾ ಪಕ್ಷಪಾತಿಯಾದ ಜಾನ್ ವಿಕರ್ಸನ ಪುಸ್ತಕದಲ್ಲಿ ಕಾಣಿಸಿಕೊಂಡಿತು. ಅಷ್ಟರಲ್ಲಿ ಲಾಡನ ಶಿರಚ್ಛೇದವೂ ಆಗಿತ್ತು. ಗೆಲ್ಲುತ್ತಿದ್ದವರಿಗೆ ತಮ್ಮ ಹೋರಾಟಕ್ಕೊಂದು ನಿರ್ಮಲವಾದ ಪೂರ್ವಕಥೆ ಬೇಕಾಗಿತ್ತು. 1640ರ ಆ ಬೇಸಗೆಯಲ್ಲಿ ಇದೇ ದಂಡಿನವರು ಹೊಲಗಳ ಬೇಲಿಗಳನ್ನೂ ಕಿತ್ತರು, ಸೆರೆಮನೆಗಳನ್ನೂ ಒಡೆದರು. ಕ್ಯಾಥೊಲಿಕರೆಂದು ಶಂಕಿಸಿ ತಮ್ಮ ಇಬ್ಬರು ಅಧಿಕಾರಿಗಳನ್ನೂ ಕೊಂದರು. ಈ ಚಿತ್ರದಲ್ಲಿ ಬೇಲಿಯಿಲ್ಲ, ಸೆರೆಮನೆಯಿಲ್ಲ, ಹೆಣವಿಲ್ಲ. ಉಳಿದಿರುವುದು ಪಟ, ಕಟಾಂಜನ, ಮೇಜು. ಅದಕ್ಕಿಟ್ಟ ಹೆಸರು ಸುಧಾರಣೆ.

ಹೀಗೆ ಒಂದೇ ಹಾಳೆಯ ಮೇಲೆ ಎರಡು ಕಾಲಗಳ ಸಾಕ್ಷ್ಯವಿದೆ. 1640ರ ಸಿಪಾಯಿ ಏನು ಮಾಡಿದನೆಂಬುದು ಒಂದು. 1646ರ ಗೆಲುವು ಅದರಲ್ಲಿ ಯಾವುದನ್ನು ನೆನಪಿಡಬಯಸಿತೆಂಬುದು ಇನ್ನೊಂದು. ಇವೆರಡನ್ನೂ ಬಿಟ್ಟು ನಾನು ಮೊದಲು ಓದಿದ್ದು ನನ್ನ ಶಾಲೆಯ ಪಾಠವನ್ನು. ಟಿಪ್ಪಣಿ ಪುಸ್ತಕದ ಆ ಹಳೆಯ ಸಾಲನ್ನು ನಾನು ಹೊಡೆದುಹಾಕಿಲ್ಲ. ಅದರ ಕೆಳಗೆ ‘ದೊರೆಯ ಸಿಪಾಯಿಗಳು’ ಎಂದು ಬರೆದಿಟ್ಟಿದ್ದೇನೆ.