ಎಂಎಕ್ಸ್ ಎಂಬ ಹೆಸರಿಲ್ಲದ ಮನುಷ್ಯ

ದಿನವಿಡೀ ಎಕ್ಸ್, ವೈ ಅಂತ ವೇರಿಯಬಲ್‌ಗಳಿಗೆ ಹೆಸರಿಡೋದೇ ನನ್ನ ಕೆಲಸ. ಹಾಗಾಗಿ 'ಎಂಎಕ್ಸ್ ವಿರುದ್ಧ ಝಡ್‌ವೈ' ಅನ್ನೋದನ್ನು ಮೊದಲ ಸಲ ನೋಡಿದಾಗ ಯಾವುದೋ ಬೀಜಗಣಿತದ ಲೆಕ್ಕ ಅಂದುಕೊಂಡೆ. ಅದು ಬಾಂಬೆ ಹೈಕೋರ್ಟಿನ 1997ರ ಒಂದು ತೀರ್ಪು!

ಎಂಎಕ್ಸ್ ಒಂದು ಸರ್ಕಾರಿ ನಿಗಮದಲ್ಲಿ ದಿನಗೂಲಿ. ಕಾಯಂ ಆಗುವ ಸರದಿ ಬಂದಾಗ ವೈದ್ಯಕೀಯ ಪರೀಕ್ಷೆ ಮಾಡಿಸಿದರು. ಆಳು ಗಟ್ಟಿಯಾಗೇ ಇದ್ದ. ಆದರೆ ರಕ್ತದ ವರದಿಯಲ್ಲಿ ಎಚ್‌ಐವಿ ಇದೆ ಅಂತ ಬಂತು. ಕಾಯಂ ಆಗೋದು ಹಾಗಿರಲಿ, ಇದ್ದ ಕೂಲಿಯೂ ಹೋಯಿತು.

ಕೋರ್ಟಿಗೆ ಹೋಗೋಣ ಅಂದರೆ ಇನ್ನೊಂದು ಕಷ್ಟ. ಅರ್ಜಿಯಲ್ಲಿ ಹೆಸರು ಬರೆದರೆ ಊರಿಗೆಲ್ಲಾ ಗೊತ್ತಾಗುತ್ತೆ. ಮನೆಯವರೂ ತಲೆಯೆತ್ತಿ ಓಡಾಡೋ ಹಾಗಿಲ್ಲ. ಅಂದರೆ ನ್ಯಾಯ ಕೇಳಬೇಕಾದರೆ ಮಾನ ಕಳಕೊಳ್ಳಬೇಕು. ಲಾಯರ್ಸ್ ಕಲೆಕ್ಟಿವ್‌ನ ವಕೀಲರು ಅವನ ಪರ ನಿಂತರು. ಹೆಸರು ಮುಚ್ಚಿಟ್ಟು ಕೇಸು ನಡೆಸಲು ಕೋರ್ಟು ಒಪ್ಪಿತು.

ಇವನಿಗೆ ಮುಂದೆ ಕಾಯಿಲೆ ಬಂದರೆ ಖರ್ಚು ನಮ್ಮ ತಲೆಗೆ ಅನ್ನೋದು ನಿಗಮದ ಲೆಕ್ಕಾಚಾರ. ಕೋರ್ಟು ಒಪ್ಪಲಿಲ್ಲ. ಇವತ್ತು ಕೆಲಸ ಮಾಡೋ ಶಕ್ತಿ ಇದ್ದು, ಜೊತೆಯವರಿಗೆ ಅಪಾಯ ಇಲ್ಲದಿದ್ದರೆ, ಬರೀ ಎಚ್‌ಐವಿ ಇದೆ ಅಂತ ಹೊರಗೆ ಹಾಕೋದು ಸಂವಿಧಾನದ 14 ಮತ್ತು 21ನೇ ವಿಧಿಗಳಿಗೆ ವಿರುದ್ಧ ಅಂತ ಹೇಳಿತು. ಎಂಎಕ್ಸ್ ಹೆಸರನ್ನು ಪಟ್ಟಿಗೆ ಮತ್ತೆ ಸೇರಿಸಿ, ಪರಿಹಾರ ಕೊಡಿ ಅಂತ ಆದೇಶಿಸಿತು.

ನೆನಪಿಡಿ, ಸರ್ಕಾರ ಎಚ್‌ಐವಿಗೆ ಉಚಿತ ಔಷಧಿ ಕೊಡಲು ಶುರು ಮಾಡಿದ್ದೇ 2004ರಲ್ಲಿ. ಅದಕ್ಕೂ 7 ವರ್ಷ ಮುಂಚೆ ಬಂದ ಮಾತು ಇದು.

ಇಷ್ಟಾದರೂ ಖಾಸಗಿ ಕಂಪನಿಗಳನ್ನೂ ಕಟ್ಟಿಹಾಕೋ ಕಾನೂನು ಬರೋಕೆ 2017 ಆಗಬೇಕಾಯಿತು. ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ಕ್ಕೆ. ಕೆಲಸ ಕೊಡೋಕೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಅನ್ನೋ ಹಾಗಿಲ್ಲ. 100 ಅಥವಾ ಹೆಚ್ಚು ಜನರಿರುವ ಕಡೆ ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಬೇರೆ ಹೆಸರಿನಲ್ಲಿ ಕೇಸು ನಡೆಸಲು ಕೋರ್ಟು ಅನುಮತಿ ಕೊಡಬಹುದು ಅನ್ನೋದೂ ಅದರಲ್ಲಿದೆ. ಎಂಎಕ್ಸ್ ಬೇಡಿ ಪಡೆದದ್ದು ಈಗ ಕಾನೂನಿನ ಪುಸ್ತಕದಲ್ಲೇ ಕೂತಿದೆ.

ಕೆಲಸಕ್ಕೆ ಸೇರುವಾಗ ನಾನೂ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು ಬಂದವನೇ. ಯಾವ್ಯಾವ ಪರೀಕ್ಷೆ ಅಂತ ಕೇಳಲಿಲ್ಲ, ಹೇಳಿದ ಕಡೆ ಸಹಿ ಹಾಕಿ ಇಡ್ಲಿ ತಿನ್ನೋಕೆ ಓಡಿದೆ. ಕೇಳುವ ಹಕ್ಕು ನನಗಿದೆ ಅಂತ ಹೊಳೆಯಲೇ ಇಲ್ಲ...

ಸೋಮವಾರ ನಮ್ಮ ಎಚ್‌ಆರ್‌ನವರ ಹತ್ತಿರ ಹೋಗಿ, ಆ ದೂರು ಅಧಿಕಾರಿ ಯಾರು ಅಂತ ಕೇಳಬೇಕು ಅಂದುಕೊಂಡಿದ್ದೀನಿ. ನೀವೂ ನಿಮ್ಮ ಆಫೀಸಿನಲ್ಲಿ ಒಮ್ಮೆ ಕೇಳಿ ನೋಡಿ.